ಸೊನ್ನೆಗೆ ಹತ್ತು ಬಡಿತ

ಟಕ್, ಟಕ್, ಟಕ್. ಸ್ವಲ್ಪ ತಡೆದು ಮತ್ತೆ ಟಕ್, ಟಕ್. ಆಮೇಲೆ ಒಂದೇ ಸಮನೆ ಹತ್ತು ಸಲ. ನಮ್ಮ ಪುಣೆಯ ಮನೆಯನ್ನು ನೆನೆದರೆ ಮೊದಲು ಕಿವಿಗೆ ಬರುವುದು ಈ ಸದ್ದು. ಗೊತ್ತಿಲ್ಲದವರಿಗೆ ಹಲ್ಲಿ ಲೊಚಗುಟ್ಟಿದಂತೆ ಕೇಳಿಸಬಹುದು. ಅದು ಕೀಲಿ ಹಾಕಿದ ಟೆಲಿಫೋನಿನಿಂದ ನಾನು ಕದ್ದು ಫೋನ್ ಹಚ್ಚುತ್ತಿದ್ದ ಸದ್ದು. ಡಯಲಿಗೆ ಕೀಲಿ ಇದ್ದರೇನು, ರಿಸೀವರ್ ಎತ್ತಿ, ಅದು ಕೂರುವ ಎರಡು ಬಿಳಿ ಗುಂಡಿಗಳನ್ನು ಬೆರಳಿನಿಂದ ಬಡಿದರೆ ಸಾಕು: ಮೂರಕ್ಕೆ ಮೂರು ಬಡಿತ, ಏಳಕ್ಕೆ ಏಳು, ಸೊನ್ನೆಗೆ ಹತ್ತು. ಎಲ್ಲೂ ಎಡವದೆ ಆರು ಅಂಕಿ ಬಡಿದು ಮುಗಿಸಿದರೆ ಆ ಕಡೆ ಗಂಟೆ ಬಾರಿಸುತ್ತಿತ್ತು. ಈ ವಿದ್ಯೆ ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಅವ್ವನಿಗೆ. ಬಡಿಯುವುದು ನನಗೆ ಗೊತ್ತಿತ್ತು. ಅವ್ವನಿಗೆ ಕೇಳುವುದು ಗೊತ್ತಿತ್ತು. ಎರಡರಲ್ಲಿ ಯಾವುದು ದೊಡ್ಡ ವಿದ್ಯೆ ಅನ್ನುವುದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಮನೆ ಇದ್ದದ್ದು ರವಿವಾರ ಪೇಠದ ಒಂದು ಹಳೇ ವಾಡೆಯ ಮಾಳಿಗೆಯಲ್ಲಿ. ಮೂರು ಕೋಣೆ, ಒಂದರ ಹಿಂದೆ ಒಂದು, ರೈಲಿನ ಡಬ್ಬಿಗಳ ಹಾಗೆ. ಮುಂದೆ ಪಡಸಾಲೆ, ನಡುವೆ ದೊಡ್ಡಪ್ಪನ ಕೋಣೆ, ಕೊನೆಗೆ ಅಡಿಗೆಮನೆ. ಅಂದರೆ ಅಡಿಗೆಮನೆಯಿಂದ ಪಡಸಾಲೆಗೆ ಬರಬೇಕಾದರೆ ದೊಡ್ಡಪ್ಪನ ಮಂಚದ ಪಕ್ಕದಿಂದಲೇ ಬರಬೇಕು, ಬೇರೆ ದಾರಿಯೇ ಇಲ್ಲ. ಈ ಒಂದು ಸಂಗತಿಯಿಂದ ನಮ್ಮ ಇಡೀ ಸಂಸಾರವನ್ನು ಅರ್ಥ ಮಾಡಿಕೊಳ್ಳಬಹುದು. ದೊಡ್ಡಪ್ಪ ಅಪ್ಪನ ಅಣ್ಣ, ಹೆಂಡತಿ ತೀರಿಹೋದವರು, ಇಳಕಲ್ ಸೀರೆಯ ಸಗಟು ವ್ಯಾಪಾರಿ. ಅಪ್ಪ ಅವರದೇ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವವನು, ಮತ್ತೆ ಮಡಚುವವನು. ಮನೆಯಲ್ಲೂ ಅವನ ಸ್ವಭಾವ ಅದೇ ಆಗಿತ್ತು. ಯಾವ ಮಾತನ್ನಾದರೂ ಅರ್ಧ ಬಿಚ್ಚಿ, ಅಣ್ಣನ ಮುಖ ನೋಡಿ, ಮಡಚಿ ಇಟ್ಟುಬಿಡುತ್ತಿದ್ದ. ಹೆಂಗಸು ಅಂತ ಇದ್ದವಳು ಅವ್ವ ಒಬ್ಬಳೇ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯಲು ಕೂತರೆ ಅವಳ ಬಳೆ ಸದ್ದು ಮತ್ತು ರೊಟ್ಟಿ ಸದ್ದು ಕೂಡಿ ನಮ್ಮನ್ನು ಎಬ್ಬಿಸುತ್ತಿದ್ದವು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಎಷ್ಟು ರೊಟ್ಟಿ ಆದವು ಅಂತ ಹಿಂದಿರುಗಿ ನೋಡದೆ ಹೇಳುತ್ತಿದ್ದಳು, ಕೈಯ ಸದ್ದಿನ ಮೇಲೆ.

ನಮ್ಮಲ್ಲಿ ಊಟದ ಹೊತ್ತು ಅಂದರೆ ಪರೀಕ್ಷೆಯ ಹಾಲ್. ಗಂಡಸರು ಮೊದಲು. ಮಾತಿಲ್ಲ.

"ಉಣ್ಣೂ ಬಾಯಿನೂ ಒಂದಽ, ಮಾತಾಡೂ ಬಾಯಿನೂ ಒಂದಽ. ಎರಡು ಕೆಲಸ ಒಮ್ಮೆ ಹಚ್ಚಬ್ಯಾಡ್ರಿ ಅದಕ್ಕ," ಅನ್ನುತ್ತಿದ್ದರು ದೊಡ್ಡಪ್ಪ.

ಅವರು ಎಂದೂ ಕೂಗಾಡಿದವರಲ್ಲ. ಕೂಗಾಡಿದ್ದರೆ ನಾವು ಇಷ್ಟು ಹೆದರುತ್ತಿರಲಿಲ್ಲವೇನೋ. ಮನಸ್ಸಿಗೆ ಬಾರದ್ದು ಏನಾದರೂ ನಡೆದರೆ ತಾಟನ್ನು ಎರಡು ಬೆರಳಿನಿಂದ ಒಂದು ಗೇಣು ಮುಂದಕ್ಕೆ ಸರಿಸಿ ಏಳುತ್ತಿದ್ದರು. ಅಷ್ಟೇ. ತಾಟು ನೆಲಕ್ಕೆ ತಿಕ್ಕುವ ಆ ಸದ್ದು ಕೇಳಿದರೆ ಅಪ್ಪನ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಮನೆಯ ಹಿರಿಯ ಹಸಿದು ಎದ್ದ ಮೇಲೆ ಅವ್ವ ಉಣ್ಣುವುದು ಹೇಗೆ? ಅವಳೂ ಆ ದಿನ ಉಪವಾಸ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಲೆಂಟಿನ ಉಪವಾಸ ಹಿಡಿದಾಗ ನನಗೆ ಅದು ಹೊಸದು ಅನ್ನಿಸಲೇ ಇಲ್ಲ.

ಕಾನ್ವೆಂಟಿಗೆ ನನ್ನನ್ನು ಹಾಕಿದ್ದೂ ದೊಡ್ಡಪ್ಪನೇ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಕ್ಯಾಂಪಿನ ಆ ಶಾಲೆಯ ಫಾರ್ಮಿಗಾಗಿ ಬೆಳಗಿನ ನಾಲ್ಕಕ್ಕೆ ಹೋಗಿ ಕ್ಯೂನಲ್ಲಿ ನಿಂತವರು ಅವರು. ನನ್ನ ಇಂಗ್ಲಿಷ್ ರೆಸಿಟೇಶನ್ ಅನ್ನು ಗಿರಾಕಿಗಳ ಮುಂದೆ ಹೇಳಿಸಿ ಮೀಸೆಯೊಳಗೇ ನಗುತ್ತಿದ್ದರು. ಹೀಗಾಗಿ ನಾನು ಶಾಲೆಯಲ್ಲಿ ಇಂಗ್ಲಿಷ್, ಮೆಟ್ಟಿಲ ಮೇಲೆ ಮರಾಠಿ, ಹೊಸ್ತಿಲು ದಾಟಿದ ಮೇಲೆ ಕನ್ನಡ. ಮೂರು ಭಾಷೆಯ ಹುಡುಗಿ, ಆದರೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ.

ಎಷ್ಟೋ ವರ್ಷ ಕಾದ ಮೇಲೆ ಫೋನ್ ಬಂತು. ಕಪ್ಪು, ಭಾರ, ಸಣ್ಣ ದೇವರ ಹಾಗೆ. ಅದಕ್ಕೆ ಕುಂಕುಮ ಹಚ್ಚಿ, ಹೂವು ಏರಿಸಿ, ಅವ್ವ ಹೆಣೆದ ಕ್ರೋಶಾದ ವಸ್ತ್ರ ಹೊದಿಸಿ ಪಡಸಾಲೆಯ ಗೂಡಿನಲ್ಲಿ ಇಟ್ಟರು. ಮೂರನೆಯ ದಿನ ಡಯಲಿನ ತೂತಿಗೆ ಒಂದು ಪುಟ್ಟ ಕೀಲಿ ಬಿತ್ತು. ಕೀಲಿಕೈ ದೊಡ್ಡಪ್ಪನ ಉಡದಾರಕ್ಕೆ ಸಿಕ್ಕಿಸಿದ ಕೊಂಡಿಯಲ್ಲಿ. ತುಕ್ಕು ಹಿಡಿದೀತು ಅಂತ ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಗೂಟಕ್ಕೆ ತೂಗುಹಾಕುತ್ತಿದ್ದರು.

"ಇದು ವ್ಯಾಪಾರದ ಫೋನು. ಬಂದ ಫೋನ್ ನಾ ಎತ್ತತೀನಿ. ಹೆಣ್ಮಕ್ಕಳು ಫೋನಿನ್ಯಾಗ ಮಾತಾಡೂವಂಥಾದ್ದು ಏನಿರತದ?"

ಏನಿರುತ್ತದೆ? ನನಗೆ ಗ್ಲೋರಿಯಾ ಇದ್ದಳು. ನನ್ನ ಬೆಂಚ್‌ಮೇಟ್, ಕೆಂಪು ರಿಬ್ಬನ್ನಿನ ಹುಡುಗಿ, ಬಾಯಿ ಬಿಟ್ಟರೆ ಗುಟ್ಟು. ಅವರ ಮನೆಯ ಫೋನಿಗೂ ಕೀಲಿ ಇತ್ತು. ಒಂದು ದಿನ ರಿಸೆಸ್‌ನಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ ಬಡಿದು ಬಡಿದು ನನಗೆ ಈ ವಿದ್ಯೆ ಕಲಿಸಿಕೊಟ್ಟಳು.

"ಈವನ್ ಆಗಿರಬೇಕು, ಯಾರ್. ಪಿಯಾನೋ ಥರ. ನಡುವೆ ತಡವರಿಸಿದ್ರೆ ರಾಂಗ್ ನಂಬರ್. ಆ್ಯಂಡ್ ಝೀರೋ ಇಸ್ ಟೆನ್, ಮರೀಬೇಡ."

ಪುಣೆಯ ಪೇಠೆಗಳಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ನಾಲ್ಕರವರೆಗೆ ದೇವರೇ ಗಿರಾಕಿಯಾಗಿ ಬಂದರೂ ತೆರೆಯುವುದಿಲ್ಲ. ಅಪ್ಪ ಅಂಗಡಿಯ ಗಾದಿಯ ಮೇಲೆಯೇ ಅಡ್ಡಾಗುತ್ತಿದ್ದ. ದೊಡ್ಡಪ್ಪ ಮನೆಗೆ ಬಂದು, ಉಂಡು, ನಡುಕೋಣೆಯಲ್ಲಿ ಮಲಗುತ್ತಿದ್ದರು. ಎರಡರಿಂದ ಮೂರೂವರೆಯವರೆಗೆ ಅವರ ಗೊರಕೆ. ಅಷ್ಟು ಹೊತ್ತು ಇಡೀ ವಾಡೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ನನ್ನ ಶಾಲೆ ಬೆಳಗಿನ ಪಾಳಿ. ನಾನು ಪಡಸಾಲೆಯಲ್ಲಿ ಹೋಮ್‌ವರ್ಕ್ ಬಿಡಿಸಿಟ್ಟುಕೊಂಡು, ಗೊರಕೆ ಏರುವಾಗ ಬಡಿದು, ಇಳಿಯುವಾಗ ಬೆರಳು ಹಿಡಿದು, ಮೊದಲ ಸಲ ಗ್ಲೋರಿಯಾಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಅವಳ "ಹಲೋ" ಕೇಳಿದಾಗ ಮೈಯೆಲ್ಲ ಬೆವರು. ಏನು ಮಾತಾಡಿದೆವು ಅಂತ ಕೇಳಿದರೆ ಏನೂ ಇಲ್ಲ. ಮಾತಾಡಿದೆವು ಅನ್ನುವುದೇ ಮಾತು.

ನಾಲ್ಕನೆಯ ದಿನವೋ ಐದನೆಯ ದಿನವೋ ಹಿಂದಿರುಗಿ ನೋಡಿದರೆ ಅವ್ವ ನಿಂತಿದ್ದಾಳೆ. ಕಾಲುಂಗುರ ಸದ್ದು ಮಾಡೀತೆಂದು ತುದಿಗಾಲಲ್ಲಿ, ಮಂಚ ದಾಟಿ ಬಂದು. ನನ್ನ ಕೈಯಿಂದ ರಿಸೀವರ್ ತಾನೇ ಜಾರಿ ತೊಡೆಯ ಮೇಲೆ ಬಿತ್ತು. ಕಪಾಳಕ್ಕೆ ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಅವ್ವ ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿ ತಂದು ಕೇಳಿದ್ದು ಇಷ್ಟು:

"ಇಂದೂಂದು ಹಚ್ಚಲಿಕ್ಕ ಬರತದೇನ ನಿನಗ?"

ಇಂದೂ ಮಾವಶಿ, ಅಂದರೆ ಇಂದೂ ಚಿಕ್ಕಮ್ಮ, ಅವ್ವನ ಗೆಳತಿ. ಇದ್ದ ಒಬ್ಬಳೇ ಗೆಳತಿ. ಇಬ್ಬರೂ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಚಾಳಿನಲ್ಲಿ ಅಕ್ಕಪಕ್ಕದ ಖೋಲಿಯಲ್ಲಿದ್ದರಂತೆ. ಅವ್ವನಿಗೆ ಆಗ ಮರಾಠಿಯ ಒಂದಕ್ಷರ ಬರದು, ಇಂದೂ ಮಾವಶಿಗೆ ಕನ್ನಡದ ಗಂಧವಿಲ್ಲ. ಒಬ್ಬರಿಗೊಬ್ಬರು ಕಲಿಸುತ್ತ ಕಲಿಸುತ್ತ ಒಂದು ವಿಚಿತ್ರ ರೂಢಿ ಬೆಳೆದುಬಿಟ್ಟಿತ್ತು. ಇಬ್ಬರೇ ಇದ್ದಾಗ ಅವ್ವ ಮರಾಠಿ ಮಾತಾಡಬೇಕು, ಅವಳು ಕನ್ನಡ ಮಾತಾಡಬೇಕು. ತಮ್ಮ ತಮ್ಮ ಭಾಷೆಗೆ ಹೋದವರು ಸೋತಂತೆ. ಮುಂದೆ ನಾವು ದೊಡ್ಡಪ್ಪನ ಮನೆಗೆ ಬಂದೆವು, ಅವಳು ಶಿವಾಜಿನಗರಕ್ಕೆ ಹೋದಳು. ಅವಳ ಗಂಡ ಕೋರ್ಟಿನಲ್ಲಿ ಕಾರಕೂನ. ವರ್ಷಕ್ಕೊಮ್ಮೆ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಭೇಟಿ. ಆಗ ಒಬ್ಬರ ಸ್ಟೀಲ್ ಡಬ್ಬಿ ಇನ್ನೊಬ್ಬರ ಮನೆಗೆ ಹೋಗಬೇಕು, ಮುಂದಿನ ವರ್ಷ ತುಂಬಿಕೊಂಡು ಬರಬೇಕು. ಅವ್ವನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ, ಮಾವಶಿಯದರಲ್ಲಿ ಚಕ್ಕಲಿ. ಖಾಲಿ ಡಬ್ಬಿ ತಿರುಗಿಸಿದರೆ ಸಂಬಂಧವನ್ನು ತಿರುಗಿಸಿದ ಹಾಗೆ ಅನ್ನುವುದು ಎರಡೂ ಮನೆಯ ಶಾಸ್ತ್ರ.

ನಂಬರು ಅವ್ವನಿಗೆ ಬಾಯಿಪಾಠ. ಅದರಲ್ಲಿ ಎರಡು ಸೊನ್ನೆ. ಹತ್ತು ಹತ್ತು ಸಲ ಬಡಿಯುವಾಗ ಪ್ರತಿ ಸಲವೂ ನಡುಕೋಣೆಯ ಕಡೆಗೇ ಕಿವಿ ಇಡುತ್ತಿದ್ದೆ. ಅಷ್ಟು ಉದ್ದದ ಸದ್ದಿಗೆ ಗೊರಕೆ ನಿಂತರೆ? ಒಮ್ಮೆ ನಿಂತೇಬಿಟ್ಟಿತು. ನಾವಿಬ್ಬರೂ ಉಸಿರು ಹಿಡಿದು ಗೂಡಿನ ಮುಂದೆ ಕೂತಿದ್ದೇವೆ, ಅವ್ವನ ಕೈ ನನ್ನ ಮೊಣಕಾಲನ್ನು ಒತ್ತಿ ಹಿಡಿದಿದೆ, ಬಳೆ ಸದ್ದಾಗದಂತೆ ಸೆರಗಿನಲ್ಲಿ ಸುತ್ತಿದ ಕೈ. ಮಂಚ ಕಿರ್ ಅಂದಿತು. ಮಗ್ಗುಲಾದರು. ಗೊರಕೆ ಮತ್ತೆ ಶುರು. ಅವ್ವ ನನ್ನ ಕಡೆ ನೋಡಿ ಹಲ್ಲು ಕಚ್ಚಿ ನಕ್ಕಳು. ಆ ಕ್ಷಣ ಅವಳು ನನ್ನ ಅವ್ವ ಅಲ್ಲ, ನನ್ನ ಕ್ಲಾಸಿನ ಹುಡುಗಿ.

ಆದರೆ ಇಂದೂ ಮಾವಶಿ ಫೋನ್ ಎತ್ತಿದ ಕೂಡಲೇ ಅವಳು ಬೇರೆಯೇ ಆಗುತ್ತಿದ್ದಳು. ರಿಸೀವರಿಗೆ ಸೆರಗು ಮುಚ್ಚಿ, ಗೋಡೆಯ ಕಡೆ ತಿರುಗಿ, ಏನಂತ ಹೇಳಲಿ ತಾಯಿ ನಿನಗೆ ಅಂತ ಮರಾಠಿಯಲ್ಲಿ:

"ಅಗೋ ಬಾಈ! ಕಾಯ ಸಾಂಗೂ ತುಲಾ!"

ನಾನು ಕಿವಿ ಹಚ್ಚಿ ಕೂತರೆ ಆ ಕಡೆಯಿಂದ ಮಾವಶಿಯ ಕನ್ನಡ ಸಣ್ಣಗೆ ಕೇಳುತ್ತಿತ್ತು: "ನಿನ್ನ ಆವಾಜ ಭಾಳ ಬಾರೀಕ ಆಗೇದ ಗ ಗಿರಿಜಾ. ಊಟಾ ಮಾಡತೀ ಕೀ ಬರೇ ಬಡಿಸತೀ?" ಅವ್ವ ನಗುತ್ತಿದ್ದಳು. ಸದ್ದಿಲ್ಲದೆ, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವ ಹಾಗೆ. ಕನ್ನಡದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೊದಮೊದಲು ನನಗೂ ಖುಷಿ ಅನ್ನಿಸುತ್ತಿತ್ತು. ಬರಬರುತ್ತ ಅವ್ವನದು ಇಪ್ಪತ್ತು ನಿಮಿಷ, ನನ್ನದು ಐದು ನಿಮಿಷ ಆಯಿತು. ನಾನು ಅವಳ ಆಪರೇಟರ್ ಆಗಿಬಿಟ್ಟೆ. ಶಾಲೆಯ ಮಾತು ಹೇಳಲು ಹೋದರೆ "ತಡಿ ಮಗಳ, ಗ್ಯಾಸಿನ ಮ್ಯಾಲೆ ಇಟ್ಟೀನಿ" ಅನ್ನುವ ಅವ್ವ, ಇಂದೂಗೆ ಮಾತ್ರ ಗ್ಯಾಸ್ ಆರಿಸಿ ಬರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಫೋನಿನ ಮಾತಿನ ಬಣ್ಣ ಬದಲಾಯಿತು. ಇಂದೂ ಮಾವಶಿ ಕೋರ್ಟಿನ ಹತ್ತಿರ ಒಂದು ಗಾಳಾ, ಅಂದರೆ ಸಣ್ಣ ಅಂಗಡಿಯ ಜಾಗ, ನೋಡಿದ್ದಳು. ಪೋಳಿ-ಭಾಜಿ ಕೇಂದ್ರ, ಅಂದರೆ ಚಪಾತಿ-ಪಲ್ಯದ ಅಂಗಡಿ, ತೆರೆಯುವುದು. ವಕೀಲರ ಗುಮಾಸ್ತರು, ಹಾಸ್ಟೆಲ್ ಹುಡುಗರು, ಎಲ್ಲರೂ ಮನೆಯ ಊಟಕ್ಕೆ ಬಾಯಿ ಬಿಡುವವರೇ. ಪೋಳಿ ಅವಳದು. ಜೋಳದ ಭಾಕರಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಅವ್ವನದು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ.

"ನಿನ್ನ ಭಾಕರಿ ತಿಂದ್ರ ಜಡ್ಜ ಸುದ್ಧಾ ಕೇಸ ಮರೀತಾನ ಗ," ಅಂದದ್ದನ್ನು ನಾನೇ ಕೇಳಿದ್ದೇನೆ.

ಗಾಳಾದ ಮಾಲೀಕ ಶನಿವಾರದವರೆಗೆ ಕಾಯುತ್ತೇನೆ ಅಂದಿದ್ದ. ಅಷ್ಟರೊಳಗೆ ಅವ್ವ ಹೌದು ಅನ್ನಬೇಕು. ಒಬ್ಬಳೇ ತೆಗೆದುಕೊಳ್ಳುವ ಧೈರ್ಯ ಮಾವಶಿಗೆ ಇರಲಿಲ್ಲ. ಬುಧವಾರ ಅವ್ವ ಅಪ್ಪನ ಮುಂದೆ ಮಾತು ತೆಗೆದಳು. ಅಪ್ಪ ಎಂದಿನಂತೆ ಅರ್ಧ ಬಿಚ್ಚಿದ.

"ಛಲೋನಽ ಅದ. ಆದ್ರ ಅಣ್ಣಗ ಯಾರು ಹೇಳೋರು?"

"ನಾನಽ ಹೇಳತೀನಿ."

"ತಾಟು ಸರಿಸತಾನ."

"ಸರಿಸಲಿ. ಎಷ್ಟು ದಿನ ಸರಿಸ್ಯಾರು? ಹಸಿವು ಅವರಿಗೂ ಅದ."

ಅಡಿಗೆಮನೆಯಲ್ಲಿ ನೋಟ್‌ಬುಕ್‌ಗೆ ಬ್ರೌನ್ ಪೇಪರ್ ಹಾಕುತ್ತ ಕೂತ ನಾನು ತಲೆ ಎತ್ತಿ ನೋಡಿದೆ. ಅವ್ವನ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಅವಳು ನನ್ನ ಕಡೆ ತಿರುಗಿ, "ನಾಳೆ ಮಧ್ಯಾಹ್ನ ಹಚ್ಚಿಕೊಡು ಶೈಲಾ. ಮೊದಲ ಇಂದೂಗ ಹೌದು ಅಂತೀನಿ. ಮಾತು ಕೊಟ್ಟಮ್ಯಾಲೆ ಭಾವಾರಿಗೆ ಹೇಳತೀನಿ. ಆಗ ನನಗ ಹಿಂದ ಸರಿಯಾಕ ಬರೂದಿಲ್ಲ" ಅಂದಳು.

ಮರುದಿನ ನಾನು ಮಾಡಿದ್ದನ್ನು ಏಕೆ ಮಾಡಿದೆ ಅನ್ನುವುದಕ್ಕೆ ಈ ವಯಸ್ಸಿನಲ್ಲಿ ಹುಡುಕಿದರೆ ಮೂರು ನಾಲ್ಕು ಒಳ್ಳೆಯ ಕಾರಣ ಸಿಗುತ್ತವೆ. ತಾಟು ಸರಿಯುವ ಹೆದರಿಕೆ. ಶಾಲೆಯಿಂದ ಬಂದರೆ ಮನೆಯಲ್ಲಿ ಅವ್ವ ಇರುವುದಿಲ್ಲ, ದೊಡ್ಡಪ್ಪನಿಗೆ ನಾನೇ ಬಡಿಸಬೇಕು. ಗ್ಲೋರಿಯಾ ಜೊತೆ ಸಿಗುವ ಐದು ನಿಮಿಷವೂ ಹೋಗುತ್ತದೆ. ಎಲ್ಲ ನಿಜವೇ. ಆದರೆ ನಿಜವಾದ ಕಾರಣ ಇವೆಲ್ಲಕ್ಕಿಂತ ಸಣ್ಣದು. ಅವಳು ಮರಾಠಿಯಲ್ಲಿ ನಗುವ ಆ ನಗು ಇನ್ನು ದಿನಾ ಹತ್ತರಿಂದ ನಾಲ್ಕರವರೆಗೆ ಶಿವಾಜಿನಗರದಲ್ಲಿ ಇರುತ್ತದೆ, ನನಗೆ ಉಳಿಯುವುದು ತವೆಯಿಂದ ಇಳಿದು ಆರಿದ ರೊಟ್ಟಿ ಅನ್ನಿಸಿತು. ಹೊಟ್ಟೆಕಿಚ್ಚು. ಮಾರಲ್ ಸೈನ್ಸ್‌ನಲ್ಲಿ ಅದಕ್ಕೆ ಎನ್ವಿ ಅಂತ ಚಂದದ ಹೆಸರಿತ್ತು. ಸ್ಪೆಲಿಂಗ್ ಗೊತ್ತಿತ್ತು, ನನ್ನೊಳಗೇ ಇದ್ದದ್ದು ಗೊತ್ತಿರಲಿಲ್ಲ.

ಗುರುವಾರ ಎರಡೂಕಾಲಿಗೆ ಅವ್ವ ಮಂಚ ದಾಟಿ ಬಂದಳು. ಅವತ್ತು ಮುಖ ತೊಳೆದು, ಕುಂಕುಮ ತೀಡಿಕೊಂಡು ಬಂದಿದ್ದಳು, ಫೋನಿನಲ್ಲಿ ಯಾರೋ ನೋಡುತ್ತಾರೆ ಅನ್ನುವ ಹಾಗೆ. ನಾನು ರಿಸೀವರ್ ಎತ್ತಿದೆ. ಬಡಿದೆ. ಇಂದೂ ಮಾವಶಿಯ ನಂಬರಲ್ಲ, ನಮ್ಮದೇ ಮನೆಯ ನಂಬರು. ತನ್ನ ನಂಬರಿಗೆ ತಾನೇ ಹಚ್ಚಿದರೆ ಯಾವಾಗಲೂ ಎಂಗೇಜ್ ಬರುತ್ತದೆ ಅನ್ನುವುದನ್ನೂ ಗ್ಲೋರಿಯಾನೇ ಹೇಳಿಕೊಟ್ಟಿದ್ದಳು, ತಮಾಷೆಗೆ. ಪೀಂ, ಪೀಂ, ಪೀಂ. ರಿಸೀವರನ್ನು ಅವ್ವನ ಕಿವಿಗೆ ಹಿಡಿದೆ.

"ಎಂಗೇಜ್ ಅದ, ಅವ್ವ."

ಅವಳು ಸ್ವಲ್ಪ ಹೊತ್ತು ಕೇಳಿದಳು. ಆ ಸದ್ದಿನಲ್ಲಿ ಏನೋ ಮಾತು ಇದೆ ಅನ್ನುವಂತೆ ಕೇಳಿದಳು.

"ಇನ್ನೊಮ್ಮೆ ಹಚ್ಚು."

ಇನ್ನೊಮ್ಮೆ ಹಚ್ಚಿದೆ. ಮತ್ತೆ ನಮ್ಮ ನಂಬರು. ಪೀಂ, ಪೀಂ.

ಶುಕ್ರವಾರ ಹಾಗೆಯೇ. ಶುಕ್ರವಾರ ನನ್ನ ಬೆರಳು ಎಡವಿ ಒಂದು ಅಂಕಿ ತಪ್ಪಿತು, ಯಾರೋ ಗಂಡಸು "ಕೋಣ ಪಾಹಿಜೇ?", ಯಾರು ಬೇಕು, ಅಂದ. ಕುಕ್ಕಿ ಇಟ್ಟೆ. ನಡುಕೋಣೆಯಲ್ಲಿ ಗೊರಕೆ ತಟ್ಟನೆ ನಿಂತು, "ಯಾರಽ ಅದು?" ಅಂದರು ದೊಡ್ಡಪ್ಪ. "ನಾನ್ರಿ, ಕಂಪಾಸ್ ಬಿತ್ತು" ಅಂದೆ. ಅವ್ವ ಗೋಡೆಗೆ ಅಂಟಿ ನಿಂತಿದ್ದಳು. ಶನಿವಾರ ಅವಳು ಮೂರು ಸಲ ಹಚ್ಚಿಸಿದಳು. ಮೂರೂ ಸಲ ಕೇಳಿ, ರಿಸೀವರನ್ನು ತಾನೇ ಮೆಲ್ಲಗೆ ಇಟ್ಟಳು.

"ಇಂದೂ ಇಷ್ಟೊತ್ತು ಯಾರ ಕೂಡ ಮಾತಾಡಾಕತ್ತಾಳ?" ಅಂದಳು. ನನ್ನನ್ನು ಕೇಳಿದ್ದಲ್ಲ. ಎದ್ದು ಹೋಗಿ ಶೇಂಗಾ ಹುರಿಯಲು ಇಟ್ಟಳು. ಅವತ್ತಿನ ಶೇಂಗಾ ಕರಕಾಗಿತ್ತು.

ಸೋಮವಾರ ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ದೊಡ್ಡಪ್ಪ ಎದ್ದು ಪಡಸಾಲೆಯಲ್ಲಿ ಬಸಿಯಲ್ಲಿ ಚಹಾ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲಿ ಇಂದೂ ಮಾವಶಿ. ಬಿಸಿಲಿಗೆ ಮುಖ ಕೆಂಪಾಗಿದೆ, ಬಗಲಲ್ಲಿ ಅವ್ವನ ಸ್ಟೀಲ್ ಡಬ್ಬಿ. ಅವ್ವ ಅಡಿಗೆಮನೆಯಿಂದ ಓಡಿ ಬಂದವಳು ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ಮಾವಶಿ ದೊಡ್ಡಪ್ಪನ ಕಡೆ ನೋಡಲೇ ಇಲ್ಲ. ಆ ಸಿಟ್ಟಿನಲ್ಲೂ ಅವಳು ತಮ್ಮಿಬ್ಬರ ರೂಢಿ ಬಿಟ್ಟಿರಲಿಲ್ಲ.

"ಗಿರಿಜಾ, ಮೂರು ದಿವಸ ನಾನು ಫೋನ್ ಬಾಜೂಲಾ ಕೂತೆ. ಅಂಗಳಕ್ಕ ಸುದ್ಧಾ ಹೋಗಲಿಲ್ಲ. ಒಂದು ರಿಂಗ ಬರಲಿಲ್ಲ ಗ. ದಿನಾ ಫೋನ್ ಮಾಡಾಕಿ, ಆ ಮೂರು ದಿವಸ ನಿನಗ ಏನು ಝಾಲಾ? ಗಾಳಾ ಹೋತು. ಝೆರಾಕ್ಸ್‌ವಾಲಾ ತಗೊಂಡ."

ದೊಡ್ಡಪ್ಪನ ಬಸಿ ಬಾಯಿಯ ಹತ್ತಿರವೇ ನಿಂತಿತು.

"ದಿನಾ? ಯಾವ ಫೋನು? ಕೀಲಿಕೈ ನನ್ನ ನಡದಾಗ ಅದ. ಈ ಮನ್ಯಾಗಿಂದ ದಿನಾ ಫೋನ್ ಹಚ್ಚಾವ್ರು ಯಾರು?"

ನಾನು ಗೂಡಿನ ಕೆಳಗೆ, ಜಾಗ್ರಫಿ ಪುಸ್ತಕದ ಮುಂದೆ ಕೂತಿದ್ದೆ. ಫೋನ್ ನನ್ನ ತಲೆಯ ಮೇಲೆ. ಅವ್ವ ನನ್ನ ಕಡೆ ನೋಡಿದಳು. ಮೂರು ದಿನ ಆ ಫೋನ್ ಎಂಗೇಜ್ ಇರಲೇ ಇಲ್ಲ ಅನ್ನುವುದು ಈಗ ಅವಳಿಗೆ ತಿಳಿದುಹೋಯಿತು ಅಂತ ನಾನು ತಿಳಿದೆ. ಎದ್ದು ನಿಂತು ಹೇಳಬೇಕು, ಇಟ್ ವಾಸ್ ಮಿ. ಬರೀ ಮೂರು ಶಬ್ದ. ಎಲೊಕ್ಯೂಶನ್‌ನಲ್ಲಿ ಫಸ್ಟ್ ಪ್ರೈಜ್ ತಂದ ಬಾಯಿ ತೆರೆಯಲಿಲ್ಲ.

"ನಾನಽ ರೀ ಭಾವಾರ," ಅಂದಳು ಅವ್ವ. "ನೀವು ಸ್ನಾನಕ್ಕ ಹೋದಾಗ ಗೂಟದ ಮ್ಯಾಲಿಂದ ಕೀಲಿಕೈ ತೊಗೋತಿದ್ದೆ."

"ಕದ್ದಿ?"

"ಹೌದ್ರಿ. ಕದ್ದೆ."

ಮಾವಶಿ ಒಂದು ಹೆಜ್ಜೆ ಮುಂದೆ ಬಂದಳು. ತನ್ನ ಬಾಯಿಂದ ಏನು ಅನಾಹುತ ಆಯಿತು ಅಂತ ಅವಳಿಗೆ ಅರ್ಥವಾಗಿತ್ತು. ದನಿ ಇಳಿಸಿ, "ಮತ್ತ ಆ ಮೂರು ದಿವಸ ಯಾಕ ಮಾಡಲಿಲ್ಲ ಗ?" ಅಂದಳು. ಎಂಗೇಜ್ ಬರುತ್ತಿತ್ತು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತಿನ ಬೆನ್ನಿಗೇ ಹಚ್ಚಿದವರು ಯಾರು ಅನ್ನುವ ಪ್ರಶ್ನೆ ಬರುತ್ತಿತ್ತು, ದೊಡ್ಡಪ್ಪ ಅಲ್ಲೇ ಕೂತಿದ್ದರು. ಅವ್ವ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಹೇಳಿದಳು, ಕನ್ನಡದಲ್ಲಿ:

"ನನಗ ಆಗೂದಿಲ್ಲ ಇಂದೂ. ಆಗೂದಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ. ಅದಕ್ಕಽ ಹಚ್ಚಲಿಲ್ಲ."

ಅವಳೊಂದಿಗೆ ಅವ್ವ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಂದೂ ಮಾವಶಿ ಅವಳ ಮುಖ ನೋಡಿದಳು. ಆಮೇಲೆ ಬಾಗಿ, ಡಬ್ಬಿಯನ್ನು ಹೊಸ್ತಿಲ ಒಳಗೆ ನೆಲದ ಮೇಲೆ ಇಟ್ಟಳು. ತುಂಬಿದ ಡಬ್ಬಿ ಇಟ್ಟರೆ ದಪ್ಪ ಸದ್ದು. ಇದು ಟಣ್ ಅಂದಿತು. ಚಪ್ಪಲಿ ಸದ್ದು ಮೆಟ್ಟಿಲು ಇಳಿದು ಹೋಯಿತು.

ಮರುದಿನ ದೊಡ್ಡಪ್ಪ ಫೋನಿಗೆ ಒಂದು ಮರದ ಪೆಟ್ಟಿಗೆ ಮಾಡಿಸಿ ಅದಕ್ಕೇ ಕೀಲಿ ಹಾಕಿದರು. ಎಂಟು ದಿನ ಅವ್ವ ಬಡಿಸಿದ್ದನ್ನು ಉಣ್ಣಲಿಲ್ಲ. ಅದೇ ಅಡಿಗೆಯನ್ನು ಅಪ್ಪ ಬಡಿಸಬೇಕು, ಆಗ ಉಣ್ಣುತ್ತಿದ್ದರು. ಅಪ್ಪ ಬಡಿಸುವಾಗ ಸಾರು ಚೆಲ್ಲುತ್ತಿತ್ತು. ಅವ್ವ ನನಗೆ ಬಯ್ಯಲಿಲ್ಲ, ಕೇಳಲೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ನಾನು ಪಡಸಾಲೆಯಲ್ಲಿ. ನಡುವೆ ಗೊರಕೆ. ಬಯ್ದಿದ್ದರೆ ಅತ್ತು ಮುಗಿಸುತ್ತಿದ್ದೆ. ಗ್ಲೋರಿಯಾಗೆ "ಫೋನ್ ಎಲ್ಲಾ ಬೋರಿಂಗ್" ಅಂತ ಹೇಳಿದೆ. ಅವಳು ಬೇರೆ ಬೆಂಚಿಗೆ ಹೋದಳು. ಅಂದಿನಿಂದ ನನಗೆ ಒಂದು ಚಟ ಅಂಟಿತು: ಎಲ್ಲೇ ಫೋನ್ ಬಾರಿಸಲಿ, ಆಫೀಸಿನಲ್ಲಾಗಲಿ, ಪರರ ಮನೆಯಲ್ಲಾಗಲಿ, ಎರಡನೆಯ ರಿಂಗ್ ಆಗಲು ಬಿಡುವುದಿಲ್ಲ. ಮಕ್ಕಳು ನಗುತ್ತವೆ, ಮೊಣಕಾಲು ನೋವಿನ ಮುದುಕಿ ಫೋನಿಗೆ ಹೇಗೆ ಓಡುತ್ತಾಳೆ ನೋಡು ಅಂತ.

ದೊಡ್ಡಪ್ಪ ತೀರಿಹೋದ ಮೇಲೆ ಪೆಟ್ಟಿಗೆ ಒಡೆದು ನೀರು ಕಾಯಿಸುವ ಬಂಬಿನ ಒಲೆಗೆ ಹಾಕಿದೆವು. ಗುಂಡಿ ಒತ್ತುವ ಹೊಸ ಫೋನ್ ಬಂತು, ನಂಬರು ಮಾತ್ರ ಅದೇ. ಅಷ್ಟು ಹೊತ್ತಿಗೆ ನಾನು ಶಿವಾಜಿನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಒಂದು ರವಿವಾರ ಅವ್ವ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದಾಗ ಎದುರು ಕೂತು ಹೇಳಿಯೇಬಿಟ್ಟೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತದ."

"ಮಾವಶಿ ಬಂದ ದಿನ ಗೊತ್ತಾತಲ್ಲ?"

"ಗುರುವಾರನಽ ಗೊತ್ತಾತು. ಇಂದೂನ ನಂಬರಿನ್ಯಾಗ ಎರಡು ಸಲ ಹತ್ತ್ಹತ್ತು ಬಡಿತ ಬರತಿದ್ದವು. ಆವತ್ತ ಒಮ್ಮೆನೂ ಹತ್ತು ಬರಲಿಲ್ಲ."

ರೊಟ್ಟಿಯನ್ನು ಸದ್ದಿನಿಂದ ಎಣಿಸುವವಳು. ನಮ್ಮ ನಂಬರಿನಲ್ಲಿ ಸೊನ್ನೆಯೇ ಇರಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ.

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಮೊರವನ್ನು ಎತ್ತಿ ಸಿಪ್ಪೆ ಊದಿದಳು. ಕೆಂಪು ಸಿಪ್ಪೆ ನಮ್ಮಿಬ್ಬರ ನಡುವೆ ಹಾರಾಡಿತು.

"ಭಾವಾರಿಗೆ ಹೇಳೂದು ಅಂದ್ರ ನನಗೂ ಅಂಜಿಕಿನಽ ಇತ್ತು. ದಿನಾ ಅಂದ್ಕೊತಿದ್ದೆ, ಈ ಹುಡುಗಿ ಇವತ್ತ ಖರೇ ನಂಬರ್ ಹಚ್ಚಿದ್ರ ಹೌದು ಅಂತೀನಿ. ನೀ ಹಚ್ಚಲಿಲ್ಲ. ನಾ ಕೇಳಲಿಲ್ಲ. ಇಬ್ಬರೂ ಕೂಡಿ ಮಾಡಿದ್ವಿ ಅನ್ನು."

ಬಡಿತ ಎಣಿಸಿದ್ದು ನಿಜ. ಅಂಜಿಕೆ ನಿಜವೋ, ನನ್ನ ಭಾರ ಇಳಿಸಲು ಹೇಳಿದ ಮಾತೋ, ನನಗೆ ಇಂದಿಗೂ ಗೊತ್ತಿಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳುವುದು ಅವಳಿಗೆ ಹೊಸದಲ್ಲ. ಅಲ್ಲೇ ಎದ್ದು ಮಾವಶಿಯ ಹಳೆಯ ನಂಬರಿಗೆ ಹಚ್ಚಿದೆ. ಯಾರೋ ಎತ್ತಿದರು. ಅವರು ಜಾಗ ಬಿಟ್ಟು ಬಹಳ ದಿನ ಆಯಿತು, ಶಿರೂರಿನ ಕಡೆ ಮಗನ ಹತ್ತಿರ ಹೋದರು ಅಂದರು. ಅವ್ವ, "ಬಿಡು. ಸಿಕ್ಕಿದ್ರೂ ಏನಂತ ಮಾತಾಡಲಿ? ಆಗೂದಿಲ್ಲ ಅಂದಾಕಿ ನಾನು," ಅಂದಳು.

ಮತ್ತೂ ಎರಡು ಮಳೆಗಾಲ ಕಳೆದಿರಬೇಕು. ಮಧ್ಯಾಹ್ನ ಆಫೀಸಿನಿಂದ ಹೊರಬಿದ್ದು ಶಿವಾಜಿನಗರದ ಬಸ್ ಸ್ಟ್ಯಾಂಡ್ ದಾಟುತ್ತಿದ್ದೆ. ಹೊರಡಲು ಸಿದ್ಧವಾಗಿದ್ದ ಶಿರೂರಿನ ಬಸ್ಸಿನೊಳಗಿಂದ ಒಂದು ಹೆಣ್ಣುದನಿ ಮರಾಠಿಯಲ್ಲಿ ಜಗಳ ಆಡುತ್ತಿತ್ತು, ಸೀಟಿನ ಮೇಲೆ ಚೀಲ ಇಟ್ಟು ಹೋದದ್ದು ತಾನು, ಚೀಲ ಎತ್ತಿದ್ದು ನೀನು ಅಂತ. ಕಾಲು ನಿಂತಿತು. ಆ ದನಿಯನ್ನು ನಾನು ಮುಖಕ್ಕಿಂತ ಹೆಚ್ಚು ಬಲ್ಲೆ. ಕಿಟಕಿಯ ಕೆಳಗೆ ಹೋಗಿ ಕೂಗಿದೆ.

"ಇಂದೂ ಮಾವಶಿ!"

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದಳು.

"ಶೈಲಾ, ಮಾವಶಿ. ಗಿರಿಜಾಳ ಶೈಲಾ."

ಅವಳ ಮುಖ ಒಮ್ಮೆ ಮುಚ್ಚಿಕೊಂಡಿತು. ಆಮೇಲೆ ಬಹಳ ಮೆಲ್ಲಗೆ, ಕನ್ನಡದಲ್ಲಿ, "ಅದಾಳ ನಾ?" ಅಂದಳು.

"ಅದಾಳ. ಛಲೋ ಅದಾಳ. ಮಾವಶಿ, ಆವತ್ತು ಅವ್ವ ಹೌದು ಅನ್ನಾಕಿ ಇದ್ದಳು. ಆಕಿಗೆ ಫೋನ್ ಹಚ್ಚಿಕೊಡಾಕಿ ನಾನು. ಮೂರೂ ದಿನ ನಾನಽ ಬ್ಯಾರೆ ನಂಬರ್ ಹಚ್ಚಿ ಎಂಗೇಜ್ ಅದ ಅಂದೆ. ಆಕಿ ನನ್ನ ಸಲುವಾಗಿ ಸುಳ್ಳು ಹೇಳಿದಳು. ಐ ಆ್ಯಮ್ ಸಾರಿ, ಮಾವಶಿ. ಐ ಆ್ಯಮ್ ಸೋ ಸಾರಿ." ಎರಡು ಭಾಷೆ ಒಂದರ ಮೇಲೊಂದು ಬಿದ್ದವು. ಕಂಡಕ್ಟರ್ ಬಾಗಿಲು ಎಳೆದುಕೊಳ್ಳುತ್ತಿದ್ದ.

ಕಿಟಕಿಯ ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂತು. ಬೆರಳ ಗಂಟಿನಿಂದ ನನ್ನ ನೆತ್ತಿಗೆ ಸರಿಯಾಗಿ ಒಂದು ಬಿತ್ತು.

"ಗಾಢವ್! ಕತ್ತೆ! ಇಷ್ಟು ವರ್ಷ ನಾನು ವಿಚಾರ ಮಾಡಿದೆ, ನನ್ನ ಪೋಳಿ ಆಕಿಗೆ ಆವಡತ ನಾಹೀ, ಸೇರೂದಿಲ್ಲ ಅಂತ!" ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ಅದೇ ಕೈ ಅಂಗೈ ಚಾಚಿತು. "ಲಾವ. ಫೋನ್ ಹಚ್ಚು ಆಕಿಗೆ. ಖರೇ ನಂಬರ ಲಾವ."

ನನ್ನ ಮೊಬೈಲ್ ಹೊಸದು. ಮನೆಯ ನಂಬರು ಒತ್ತಿ ಅವಳ ಅಂಗೈಯಲ್ಲಿಟ್ಟೆ. ಟಿಂಗ್ ಟಿಂಗ್ ಅಂತ ಕಂಡಕ್ಟರ್ ಹಗ್ಗ ಎಳೆದ. ಬಸ್ಸು ಹಿಂದಕ್ಕೆ ಸರಿಯಿತು, ನಾನು ಜೊತೆಗೇ ಸರಿದೆ.

"ಗಿರಿಜಾ? ಅಗ, ನಾನು. ಇಂದೂ." ಅಷ್ಟೇ ಅಂದಳು. ಎಂಜಿನ್ ಸದ್ದಿನಲ್ಲೂ ಆ ಸಣ್ಣ ಡಬ್ಬಿಯೊಳಗಿಂದ ಅವ್ವನ ದನಿ ನನಗೆ ಕೇಳಿತು, ಎಷ್ಟೋ ವರ್ಷದಿಂದ ಕೇಳದ ದನಿ: "ಅಗೋ ಬಾಈ!"

ಬಸ್ಸು ತಿರುಗಿತು. ಫೋನ್ ಅವಳ ಕೈಯಲ್ಲೇ. ಕೂಗಿ ಕೇಳಬಹುದಿತ್ತು, ಕೇಳಲಿಲ್ಲ. ಮರುದಿನ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ನನಗೆ ಫೋನ್ ತಂದುಕೊಟ್ಟ, ಜೊತೆಗೆ ಒಂದು ಡಬ್ಬಿ ಚಕ್ಕಲಿ. ಆಮೇಲೆ ದಿನಾ ಮಧ್ಯಾಹ್ನ ಎರಡಕ್ಕೆ ಇಬ್ಬರೂ ಮಾತಾಡುತ್ತಿದ್ದರು, ಒಬ್ಬಳು ಮರಾಠಿ, ಒಬ್ಬಳು ಕನ್ನಡ. ಅವ್ವನ ಮೊಣಕಾಲು, ಅವಳ ಸಕ್ಕರೆ ಕಾಯಿಲೆ, ಬಾ ಅಂದರೆ ನೀ ಬಾ, ಹೀಗೆ ಭೇಟಿ ಮಾತ್ರ ಆಗಲಿಲ್ಲ. ಮುಂದಿನ ಸಂಕ್ರಾಂತಿಗೆ ಮೊದಲೇ ಶಿರೂರಿನಿಂದ ಫೋನ್ ಬಂತು. ಮಾತಾಡಿದವನು ಅವಳ ಮಗ.

ನಾನು ಮಾವಶಿಯನ್ನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನ ಆ ಮಧ್ಯಾಹ್ನವೇ. ಸ್ಟ್ಯಾಂಡಿನ ಗೇಟಿನಲ್ಲಿ ರಿಕ್ಷಾಗಳು ಅಡ್ಡ ಬಂದು ಬಸ್ಸು ನಿಂತಿತ್ತು. ಪಕ್ಕದ ಚಹಾ ಅಂಗಡಿಯ ಮುಂದೆ ಒಂದು ಕೆಂಪು ಕಾಯಿನ್ ಫೋನ್ ಇತ್ತು. ಏಕೆ ಅಂತ ಗೊತ್ತಿಲ್ಲ, ಒಂದು ನಾಣ್ಯ ಹಾಕಿ ನಮ್ಮ ಮನೆಯ ನಂಬರು ಒತ್ತಿದೆ. ಪೀಂ, ಪೀಂ, ಪೀಂ. ಎಂಗೇಜ್. ರಿಸೀವರನ್ನು ಕಿವಿಗೆ ಒತ್ತಿಕೊಂಡು, ಬಸ್ಸು ಗೇಟು ದಾಟುವವರೆಗೆ ನಿಂತೇ ಇದ್ದೆ. ಕಿಟಕಿಯಲ್ಲಿ ಅವಳ ಭುಜ ಕುಣಿಯುತ್ತಿತ್ತು.